ಹೋಳು: ಉಪ್ಪಿನಕಾಯಿಗೆ ಮಾವು ಹೊಡೆಯುವ ವೃತ್ತಿ, ಅದರ ಅರಿವು ಮತ್ತು ನುಡಿ

1. ಪ್ರವೇಶ

ಅಡುಗೆಯನ್ನು ಕುರಿತ ಬರವಣಿಗೆಗೆ ಕನ್ನಡದಲ್ಲಿ ದೀರ್ಘವಾದ ಪರಂಪರೆಯಿದೆ. ಎರಡನೆಯ ಚಾವುಂಡರಾಯನ 'ಲೋಕೋಪಕಾರ' (ಸು. 1025) ಲೋಕವ್ಯವಹಾರಕ್ಕೆ ಬೇಕಾದ ಹಲವು ವಿಷಯಗಳ ನಡುವೆ ಸೂಪಶಾಸ್ತ್ರಕ್ಕೂ ಎಡೆಗೊಟ್ಟಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಎಂಬ ಸ್ವತಂತ್ರ ಕೃತಿಯನ್ನೇ ರಚಿಸಿದನು. ಕನ್ನಡ ನಾಡಿನ ಅರಸರು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ', 'ಶಿವತತ್ತ್ವರತ್ನಾಕರ'ಗಳಲ್ಲಿಯೂ ಊಟದ ವಿವರಗಳು ವಿಪುಲವಾಗಿವೆ. ಗುರುಲಿಂಗ ದೇಶಿಕನ 'ಲಿಂಗಪುರಾಣ'ದಲ್ಲಿ (1594) ಸುಮಾರು ಐವತ್ತು ಬಗೆಯ ಉಪ್ಪಿನಕಾಯಿಗಳ ಪ್ರಸ್ತಾಪವಿರುವುದನ್ನು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ ಅವರು ಗುರುತಿಸಿದ್ದಾರೆ.

ಈ ಪರಂಪರೆಯ ದೃಷ್ಟಿ ಮುಖ್ಯವಾಗಿ ಪಾಕದ ಮೇಲೆ ಮತ್ತು ಉಣ್ಣುವವನ ಮೇಲೆ ನೆಟ್ಟಿದೆ. ಒಲೆಯ ಬಳಿಗೆ ಪದಾರ್ಥ ಬರುವ ಮೊದಲು ಅದನ್ನು ಹದಗೊಳಿಸುವ ಕೈ ಯಾವುದು ಎಂಬ ಪ್ರಶ್ನೆ ಅಲ್ಲಿ ಹಿನ್ನೆಲೆಗೆ ಸರಿಯುತ್ತದೆ. ಆಧುನಿಕ ಕಾಲದ ಪಾಕಪುಸ್ತಕಗಳ ಸ್ಥಿತಿಯೂ ಇದೇ. 'ಮಾವಿನಕಾಯಿಯನ್ನು ಹೋಳುಗಳಾಗಿ ಮಾಡಿಕೊಳ್ಳಿ' ಎಂಬ ಒಂದು ವಾಕ್ಯದಲ್ಲಿ ಅವು ಮುಂದೆ ಹೋಗುತ್ತವೆ. ಆದರೆ ಬಳ್ಳಾರಿ, ರಾಯಚೂರು ಭಾಗದ ಬಹುಪಾಲು ಮನೆಗಳಲ್ಲಿ ಆ ವಾಕ್ಯದ ಕೆಲಸವನ್ನು ಮಾಡುವವರು ಮನೆಯವರಲ್ಲ. ಸಂತೆಯ ಅಂಚಿನಲ್ಲಿ, ಗೋಣಿತಾಟಿನ ಮೇಲೆ ಮರದ ದಿಮ್ಮಿಯನ್ನೂ ಕತ್ತಿಯನ್ನೂ ಇಟ್ಟುಕೊಂಡು ಕುಳಿತ ಬೀದಿ ವ್ಯಾಪಾರಿ ಅದನ್ನು ಮಾಡುತ್ತಾನೆ. ಆಂಧ್ರ ಮತ್ತು ತೆಲಂಗಾಣಗಳ ಊರುಗಳಲ್ಲಿಯೂ ಬೇಸಗೆ ಬಂತೆಂದರೆ ಇದೇ ದೃಶ್ಯ.

ಪ್ರಸ್ತುತ ಲೇಖನವು ಈ ವೃತ್ತಿಯ ಕೆಲಸದ ಕ್ರಮವನ್ನು ವಿವರಿಸಿ, ಅದರೊಳಗೆ ಅಡಗಿರುವ ಅರಿವನ್ನು ಗುರುತಿಸಿ, ಅದು ಕನ್ನಡ ನುಡಿಯಲ್ಲಿ ಹೇಗೆ ದಾಖಲಾಗಿದೆ ಎಂಬುದನ್ನು ಪರಿಶೀಲಿಸುತ್ತದೆ. ಬಳ್ಳಾರಿಯ ಒಂದು ತರಕಾರಿ ಸಂತೆಯ ಬಳಿ ಎರಡು ಬೇಸಗೆಗಳಲ್ಲಿ ನೋಡಿದ್ದು, ಕೇಳಿದ್ದು ಇದಕ್ಕೆ ಆಧಾರ. ಪಾಕಪುಸ್ತಕ ಮರೆಮಾಡಿದ ಕೈಯನ್ನು ಆಡುನುಡಿಯ ವ್ಯಾಕರಣ ಮರೆತಿಲ್ಲ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

2. ಮಿಡಿಯ ಸೀಮೆ, ಹೋಳಿನ ಸೀಮೆ

ಕರ್ನಾಟಕದ ಮಾವಿನ ಉಪ್ಪಿನಕಾಯಿಯನ್ನು ಸ್ಥೂಲವಾಗಿ ಎರಡು ಸೀಮೆಗಳಾಗಿ ನೋಡಬಹುದು. ಸಾಗರ, ಹೊಸನಗರ, ಶಿರಸಿ, ಸಿದ್ದಾಪುರಗಳ ಮಲೆನಾಡು ಮಿಡಿಯ ಸೀಮೆ. ಹೊಳೆದಂಡೆಗಳಲ್ಲಿ ಬೆಳೆಯುವ ಅಪ್ಪೆಮಿಡಿಯನ್ನು ಅಲ್ಲಿ ಇಡಿಯಾಗಿ ಉಪ್ಪಿಗೆ ಹಾಕುತ್ತಾರೆ. ಕತ್ತಿಯ ಸೋಂಕೇ ಇಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಈ ಮಿಡಿಯ ಪರಿಮಳ ಅದರ ಸೊನೆಯಲ್ಲಿದೆ. ಆದ್ದರಿಂದ ತೊಟ್ಟು ಕಳಚದಂತೆ, ನೆಲಕ್ಕೆ ಬಿದ್ದು ಜಜ್ಜದಂತೆ, ಮರ ಹತ್ತಿ ಕೊಯ್ದು ಇಳಿಸುವವನೇ ಅಲ್ಲಿನ ಕುಶಲಿ.

ಬಳ್ಳಾರಿ, ರಾಯಚೂರುಗಳ ಬಯಲು ಹೋಳಿನ ಸೀಮೆ. ಆಂಧ್ರದ ಆವಕಾಯಿಯ ಸಂಪ್ರದಾಯದೊಂದಿಗೆ ಇದು ನೇರವಾಗಿ ಬೆಸೆದುಕೊಂಡಿದೆ. ಇಲ್ಲಿ ಬೇಕಾದುದು ಮಿಡಿಯಲ್ಲ, ಬಲಿತ ಕಾಯಿ. ಅದೂ ಓಟೆಸಹಿತವಾಗಿ ಕತ್ತರಿಸಿದ್ದು. ಹೀಗೆ ಕತ್ತರಿಸುವುದು ಮನೆಯ ಈಳಿಗೆಮಣೆಗೆ ಆಗದ ಕೆಲಸ. ಆದ್ದರಿಂದಲೇ ಈ ಸೀಮೆಯಲ್ಲಿ ಪ್ರತ್ಯೇಕ ವೃತ್ತಿಯೊಂದು ಹುಟ್ಟಿಕೊಂಡಿದೆ.

3. ಕಾಯನ್ನು ಆರಿಸುವುದು

ಫಲದ ಬೆಳವಣಿಗೆಯನ್ನು ಕನ್ನಡವು ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎಂದು ಹಂತಹಂತವಾಗಿ ಹೆಸರಿಸುತ್ತದೆ. ಮಾವು ಹೊಡೆಯುವವನಿಗೆ ಸಲ್ಲುವುದು ಇವುಗಳಲ್ಲಿ ಒಂದೇ ಹಂತ, ಕಾಯಿ. ಆ ಹಂತದೊಳಗೂ ಅವನು ಇನ್ನಷ್ಟು ಸೂಕ್ಷ್ಮವಾಗಿ ವಿಂಗಡಿಸುತ್ತಾನೆ. ಕಾಯಿ ಎಳೆಯದಾಗಿದ್ದರೆ ಅದರ ಓಟೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಅಂಥ ಹೋಳು ಜಾಡಿಯಲ್ಲಿ ಕೆಲವೇ ತಿಂಗಳಲ್ಲಿ ಕರಗಿ ಗೊಜ್ಜಾಗುತ್ತದೆ. ಕಾಯಿ ದೋರೆಯ ಕಡೆಗೆ ತಿರುಗಿದ್ದರೆ ತಿರುಳಿನಲ್ಲಿ ಹುಳಿ ಇಳಿದು ಸಿಹಿ ಏರತೊಡಗಿರುತ್ತದೆ, ಅದೂ ಬಾಳುವುದಿಲ್ಲ. ಓಟೆ ಬಲಿತಿರಬೇಕು, ತಿರುಳು ಬೆಳ್ಳಗಿರಬೇಕು. ಈ ಎರಡೂ ಒಟ್ಟಿಗೆ ಸಿಗುವ ಅವಧಿ ಕೆಲವು ವಾರಗಳದು ಮಾತ್ರ.

ನಾನು ಗಮನಿಸಿದ ವ್ಯಾಪಾರಿ ಇದನ್ನು ಕೈಯಿಂದಲೇ ತಿಳಿಯುತ್ತಿದ್ದರು. ಕಾಯನ್ನು ಅಂಗೈಯಲ್ಲಿ ತೂಗಿ, ಹೆಬ್ಬೆರಳಿನಿಂದ ಭುಜದ ಭಾಗವನ್ನು ಒತ್ತಿ, ತೊಟ್ಟಿನ ಸುತ್ತಲಿನ ಬಣ್ಣವನ್ನು ನೋಡುತ್ತಿದ್ದರು. ಗಾಳಿಗೆ ಉದುರಿದ ಕಾಯನ್ನು ಬದಿಗಿಡುತ್ತಿದ್ದರು. ಹೊರಗೆ ಗಾಯ ಕಾಣದಿದ್ದರೂ ಒಳಗೆ ಪೆಟ್ಟಾದ ಭಾಗ ಕಂದಿರುತ್ತದೆ, ಕೊಳೆತ ಅಲ್ಲಿಂದ ಮೊದಲಾಗುತ್ತದೆ ಎಂಬುದು ಅವರ ವಿವರಣೆ. ಗ್ರಾಹಕರು ಬೇರೆಡೆ ಕೊಂಡು ತಂದ ಕಾಯನ್ನೂ ಅವರು ಹೊಡೆದುಕೊಡುತ್ತಿದ್ದರು. ಆದರೆ ಸಂಶಯದ ಕಾಯನ್ನು ಹೊಡೆಯುವ ಮೊದಲೇ ಎತ್ತಿ ತೋರಿಸುತ್ತಿದ್ದರು. 'ಅಮ್ಮಾ, ಇದೊಂದು ಬಿಟ್ಬಿಡ್ರಿ. ಇದೊಂದಕ್ಕೆ ಜಾಡಿ ಪೂರಾ ಹೋಗ್ತತಿ' ಎಂಬುದು ನಾನು ಮತ್ತೆ ಮತ್ತೆ ಕೇಳಿದ ಮಾತು.

ಕಾಲದ ಲೆಕ್ಕವನ್ನು ಅವರು ತಿಂಗಳಿನಲ್ಲಿ ಅಲ್ಲ, ಮಳೆಯ ನಕ್ಷತ್ರಗಳಲ್ಲಿ ಹೇಳುತ್ತಿದ್ದರು. ಭರಣಿ ಬರುವಾಗ ಕೆಲಸ ಏರುತ್ತದೆ, ಕೃತ್ತಿಕೆಯಲ್ಲಿ ಬಿಡುವಿರುವುದಿಲ್ಲ, ರೋಹಿಣಿ ಹಿಡಿದು ಒಂದೆರಡು ಮಳೆ ಚೆನ್ನಾಗಿ ಬಿದ್ದರೆ ಅಂಗಡಿ ಎತ್ತಬೇಕು. ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗಿನ ಸುಮಾರು ಆರು ವಾರಗಳು. ಮಳೆಯಾದ ಮೇಲೆ ಕಾಯಿ ನೀರು ಕುಡಿಯುತ್ತದೆ ಎಂಬುದು ಒಂದು ಕಾರಣ. ಕತ್ತರಿಸಿದ ಹೋಳನ್ನು ಒಣಗಿಸಲು ಬಿಸಿಲಾಗಲಿ ಒಣಗಾಳಿಯಾಗಲಿ ಇರುವುದಿಲ್ಲ ಎಂಬುದು ಇನ್ನೊಂದು.

4. ಕತ್ತಿ ಮತ್ತು ಸನ್ನೆ

ಈಳಿಗೆಮಣೆಯಲ್ಲಿ ಅಲಗು ನಿಂತಿರುತ್ತದೆ, ಕಾಯಿ ಚಲಿಸುತ್ತದೆ. ಮಲೆನಾಡಿನ ಮೆಟ್ಟುಗತ್ತಿಯ ತತ್ತ್ವವೂ ಇದೇ. ಎರಡೂ ಕೈಗಳಿಂದ ಕಾಯನ್ನು ಅಲಗಿನ ಮೇಲೆ ಒತ್ತುವುದರಿಂದ ಮೃದುವಾದ ತರಕಾರಿಗೆ ಅದು ಅತ್ಯುತ್ತಮ ಉಪಕರಣ. ಆದರೆ ಬಲಿತ ಓಟೆಯ ಮೇಲೆ ಅಷ್ಟೇ ಬಲ ಹಾಕಲು ಹೋದರೆ ಕಾಯಿ ಜಾರುತ್ತದೆ, ಬೆರಳು ಅಲಗಿಗೆ ಸಿಗುತ್ತದೆ. ನಮ್ಮ ಮನೆಯಲ್ಲಿ ಒಂದು ವರ್ಷ ಹೀಗೆ ಪ್ರಯತ್ನಿಸಿ ನನ್ನ ಎಡಗೈಯ ತೋರುಬೆರಳಿಗೆ ಮೂರು ಹೊಲಿಗೆ ಹಾಕಿಸಿಕೊಂಡದ್ದೇ ಈ ಅಧ್ಯಯನದ ಮೊದಲ ಪ್ರೇರಣೆ ಎಂದರೂ ಸಲ್ಲುತ್ತದೆ.

ಬೀದಿಯ ಕತ್ತಿಯಲ್ಲಿ ಇದು ತಿರುಗುಮುರುಗು. ಕಾಯಿ ನಿಂತಿರುತ್ತದೆ, ಅಲಗು ಇಳಿಯುತ್ತದೆ. ದಪ್ಪ ಮರದ ದಿಮ್ಮಿಯ ಒಂದು ತುದಿಗೆ ಭಾರವಾದ ಕಬ್ಬಿಣದ ಅಲಗನ್ನು ಕೀಲಿನಿಂದ ಜೋಡಿಸಿರುತ್ತಾರೆ. ಇನ್ನೊಂದು ತುದಿಯಲ್ಲಿ ಹಿಡಿ. ನೋಡಲು ದೊಡ್ಡದೊಂದು ಅಡಕತ್ತರಿಯಂತೆ. ಭೌತಶಾಸ್ತ್ರದ ಪರಿಭಾಷೆಯಲ್ಲಿ ಇದು ಎರಡನೆಯ ದರ್ಜೆಯ ಸನ್ನೆ: ಕೀಲು ಆನಿಕೆ, ಹಿಡಿಯ ಮೇಲೆ ಬಲ, ನಡುವೆ ಭಾರ. ಕೀಲಿನಿಂದ ಹಿಡಿಗೆ 45 ಸೆಂಟಿಮೀಟರ್ ದೂರವಿದ್ದು ಕಾಯನ್ನು ಕೀಲಿನಿಂದ 15 ಸೆಂಟಿಮೀಟರ್ ದೂರದಲ್ಲಿ ಇಟ್ಟರೆ ಕೈಯ ಬಲ ಮೂರು ಪಟ್ಟಾಗಿ ಓಟೆಗೆ ತಲುಪುತ್ತದೆ. ಹಿಡಿಯ ಸಮೀಪಕ್ಕೆ ಇಟ್ಟರೆ ಈ ಲಾಭ ಇಲ್ಲ. ಇಡಿಯ ಕಾಯನ್ನು ಸೀಳುವಾಗ ಕೀಲಿನ ಕಡೆಗೂ, ಸೀಳಿದ ಭಾಗವನ್ನು ಹೋಳು ಮಾಡುವಾಗ ಹಿಡಿಯ ಕಡೆಗೂ ಅವರ ಎಡಗೈ ತಾನಾಗಿ ಸರಿಯುತ್ತಿತ್ತು. ಸೂತ್ರವನ್ನು ಅವರು ಓದಿದವರಲ್ಲ. ಕೈಗೆ ಅದು ಗೊತ್ತಿತ್ತು.

ಎಲ್ಲರೂ ಕೀಲಿನ ಕತ್ತಿಯನ್ನೇ ಬಳಸುವುದಿಲ್ಲ. ಕೆಲವರು ಭಾರವಾದ ಮಚ್ಚಿನಂಥ ಕತ್ತಿಯಿಂದ ದಿಮ್ಮಿಯ ಮೇಲೆ ನೇರವಾಗಿ ಹೊಡೆಯುತ್ತಾರೆ. ಅದರಲ್ಲಿ ವೇಗ ಹೆಚ್ಚು, ಅಪಾಯವೂ ಹೆಚ್ಚು.

5. ಹೋಳಿನ ರಚನೆ

ಮಾವಿನ ಓಟೆ ಚಪ್ಪಟೆಯಾದುದು. ಅದರ ಅಂಚಿನಲ್ಲಿ ಎರಡು ಚಿಪ್ಪುಗಳು ಕೂಡುವ ಒಂದು ಸೇರುವೆ ಇದೆ. ಮಾವು ಹೊಡೆಯುವವನ ಕೌಶಲವೆಲ್ಲ ಈ ಸೇರುವೆಯನ್ನು ಹೊರಗಿನಿಂದಲೇ ಅಂದಾಜು ಮಾಡುವುದರಲ್ಲಿದೆ. ಕಾಯನ್ನು ಅಂಚಿನ ಮೇಲೆ ನಿಲ್ಲಿಸಿ, ಅಲಗು ಸೇರುವೆಯ ಗುಂಟ ಇಳಿಯುವಂತೆ ಒಂದೇ ಪೆಟ್ಟಿಗೆ ಸೀಳಿದರೆ ಓಟೆ ಎರಡು ಚಿಪ್ಪುಗಳಾಗಿ ತೆರೆದುಕೊಳ್ಳುತ್ತದೆ. ಸೇರುವೆ ತಪ್ಪಿದರೆ ಚಿಪ್ಪು ಚೂರುಚೂರಾಗುತ್ತದೆ. ಆ ಚೂರುಗಳು ಊಟದಲ್ಲಿ ಹಲ್ಲಿಗೆ, ಗಂಟಲಿಗೆ ಅಪಾಯ. ಎರಡನೆಯ ಪೆಟ್ಟು ಹಾಕಬೇಕಾಗಿ ಬಂದ ಕಾಯಿ ಕೆಟ್ಟಂತೆಯೇ ಎಂದು ಆ ವ್ಯಾಪಾರಿಯ ಅಭಿಪ್ರಾಯ.

ಸೀಳಿದ ಮೇಲೆ ಒಳಗಿನ ಬೀಜವನ್ನು ಕತ್ತಿಯ ತುದಿಯಿಂದ ಎಬ್ಬಿ ತೆಗೆಯುತ್ತಾರೆ. ಅದು ಒಗರು ಮತ್ತು ಕಹಿ. ಜಾಡಿಯೊಳಗೆ ಹೋದರೆ ರುಚಿಯನ್ನು ಕೆಡಿಸುತ್ತದೆ. ಬೀಜಕ್ಕೂ ಚಿಪ್ಪಿಗೂ ನಡುವೆ ಕಾಗದದಂಥ ತೆಳುವಾದ ಪೊರೆಯೊಂದಿದೆ, ಅದನ್ನೂ ಬಿಡಿಸಬೇಕು. ಅನಂತರ ಪ್ರತಿ ಅರ್ಧವನ್ನು ಅಡ್ಡಡ್ಡಲಾಗಿ ಹೋಳು ಮಾಡುತ್ತಾರೆ. ಗ್ರಾಹಕರನ್ನು ಕೇಳುವ ಪ್ರಶ್ನೆ ಒಂದೇ: 'ಕಾಯಿಗೆ ಎಂಟಾ, ಹನ್ನೆರಡಾ?' ಒಂದು ಕಾಯಿಂದ ಎಂಟು ಹೋಳು ಬಂದರೆ ಹೋಳು ದೊಡ್ಡದು. ಉಪ್ಪು ಖಾರ ಒಳಗಿಳಿಯಲು ಹೆಚ್ಚು ದಿನ ಬೇಕು, ಆದರೆ ವರ್ಷ ಕಳೆದರೂ ಗಟ್ಟಿಯಾಗಿರುತ್ತದೆ. ಹನ್ನೆರಡಾದರೆ ಬೇಗ ಹದಕ್ಕೆ ಬರುತ್ತದೆ, ಬೇಗ ಮೆತ್ತಗಾಗುತ್ತದೆ. ಮನೆಯಲ್ಲಿ ಎಷ್ಟು ಜನ, ಜಾಡಿ ಎಷ್ಟು ತಿಂಗಳು ಬರಬೇಕು ಎಂಬ ಲೆಕ್ಕ ಈ ಒಂದು ಪ್ರಶ್ನೆಯೊಳಗೆ ಸೇರಿದೆ.

ಹೊರಗೆ ಸಿಪ್ಪೆ, ನಡುವೆ ತಿರುಳು, ಒಳಗೆ ಚಿಪ್ಪು: ಈ ಮೂರೂ ಅಂಟಿಕೊಂಡಿರುವುದೇ ಸರಿಯಾದ ಹೋಳು. ಚಿಪ್ಪು ಇಲ್ಲಿ ತಿನ್ನುವ ಭಾಗವಲ್ಲ; ತಿರುಳನ್ನು ಹಿಡಿದಿಡುವ ಬೆನ್ನೆಲುಬು. ಉಪ್ಪು ತಿರುಳಿನ ನೀರನ್ನು ಎಳೆದಾಗ ತಿರುಳು ಕುಗ್ಗುತ್ತದೆ. ಒಂದು ಬದಿ ಸಿಪ್ಪೆಗೂ ಇನ್ನೊಂದು ಬದಿ ಚಿಪ್ಪಿಗೂ ಕಚ್ಚಿಕೊಂಡಿದ್ದರೆ ಅದು ಆಕಾರ ಕಳೆದುಕೊಳ್ಳುವುದಿಲ್ಲ. ಚಿಪ್ಪಿಲ್ಲದ ತುಂಡುಗಳಿಂದಲೂ ಉಪ್ಪಿನಕಾಯಿ ಆಗುತ್ತದೆ. ಆದರೆ ಅದು ಬೇಗ ಉಣ್ಣುವ ಉಪ್ಪಿನಕಾಯಿ.

6. ನೀರು ಮತ್ತು ಉಪ್ಪು

ಕಾಯನ್ನು ತೊಳೆಯುವುದು ಕತ್ತರಿಸುವ ಮೊದಲು. ಕತ್ತರಿಸಿದ ಮೇಲೆ ನೀರು ತಾಗಿಸುವಂತಿಲ್ಲ. ಈ ನಿಯಮವನ್ನು ಮೀರುವ ಗ್ರಾಹಕರನ್ನು ವ್ಯಾಪಾರಿ ಹಿಂದಕ್ಕೆ ಕಳುಹಿಸಿದ್ದನ್ನು ನಾನು ನೋಡಿದ್ದೇನೆ. ತೊಳೆದು ತಂದ ಕಾಯಿ ಇನ್ನೂ ಒದ್ದೆಯಾಗಿದ್ದರೆ ಒರೆಸಿ, ನೆರಳಲ್ಲಿ ಆರಲು ಬಿಟ್ಟು, ಆಮೇಲೆಯೇ ಹೊಡೆಯುತ್ತಿದ್ದರು. ಅಲಗನ್ನು ಒಣಬಟ್ಟೆಯಿಂದ ಆಗಾಗ ಒರೆಸುವುದೂ ಕೆಲಸದ ಭಾಗ. ಹುಳಿ ಮತ್ತು ಒಗರು ಕಬ್ಬಿಣದೊಡನೆ ಸೇರಿದರೆ ಹೋಳಿನ ಮೇಲೆ ಕಪ್ಪು ಕಲೆ ಬೀಳುತ್ತದೆ.

ಈ ಕಟ್ಟುನಿಟ್ಟಿನ ಕಾರಣ ಉಪ್ಪಿನಕಾಯಿಯ ರಸಾಯನದಲ್ಲಿದೆ. ಉಪ್ಪು ಪರಾಸರಣದಿಂದ ಹೋಳಿನ ನೀರನ್ನು ಹೊರಗೆಳೆಯುತ್ತದೆ. ಆ ನೀರು ಉಪ್ಪಿನಿಂದ ತುಂಬಿರುವುದರಿಂದ ಕೊಳೆಸುವ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆಯಲಾರವು. ಮಾವಿನ ಸಿಟ್ರಿಕ್ ಆಮ್ಲ ಇದಕ್ಕೆ ಜೊತೆಯಾಗುತ್ತದೆ. ಸಾಸಿವೆಪುಡಿ ತೇವ ತಾಗಿದಾಗ ಘಾಟಿನ ಎಣ್ಣೆಯೊಂದನ್ನು ಬಿಡುತ್ತದೆ, ಅದೂ ರಕ್ಷಕವೇ. ಮೇಲೆ ನಿಂತ ಎಣ್ಣೆ ಗಾಳಿಯನ್ನು ತಡೆಯುತ್ತದೆ. ಗಾಳಿಯಿಲ್ಲದೆ ಬೂಷ್ಟು ಬೆಳೆಯದು. ಹೀಗೆ ನಾಲ್ಕು ಕಾವಲುಗಳಿದ್ದರೂ ಹೊರಗಿನ ನೀರು ಸೇರಿದರೆ ಉಪ್ಪು ತೆಳುವಾಗುತ್ತದೆ, ಮೇಲ್ಪದರದಲ್ಲಿ ಬೂಷ್ಟಿಗೆ ಎಡೆಯಾಗುತ್ತದೆ. ಆದುದರಿಂದ ಜಾಡಿಯ ಭವಿಷ್ಯ ಮಸಾಲೆ ಬೀಳುವ ಮೊದಲೇ, ದಿಮ್ಮಿಯ ಮೇಲೆಯೇ, ಅರ್ಧದಷ್ಟು ನಿರ್ಧಾರವಾಗಿರುತ್ತದೆ.

ದ್ರಾವಿಡ ನುಡಿಗಳು ಈ ಪದಾರ್ಥಕ್ಕೆ ಕೊಟ್ಟ ಹೆಸರುಗಳೂ ಇಲ್ಲಿ ಗಮನಾರ್ಹ. ತಮಿಳಿನ 'ಊಱುಕಾಯ್', ತೆಲುಗಿನ 'ಊರಗಾಯ' ನೆನೆಯುವ, ಊರುವ ಕ್ರಿಯೆಯಿಂದ ಹೆಸರಿಸುತ್ತವೆ. ಕನ್ನಡವು ಆ ಕ್ರಿಯೆಯನ್ನು ಬಿಟ್ಟು ಅದನ್ನು ಆಗಿಸುವ ಉಪ್ಪನ್ನು ಹಿಡಿಯಿತು: ಉಪ್ಪಿನ ಕಾಯಿ. ನೆರೆಯ ಮರಾಠಿಯ 'ಲೋಣಚೆ'ಯೂ ಲವಣದಿಂದಲೇ ಬಂದುದು. ಈ ಹೆಸರಿಡುವಿಕೆಯಲ್ಲಿ ಕನ್ನಡವು ತನ್ನ ದಕ್ಷಿಣದ ಬಂಧುಗಳಿಗಿಂತ ಉತ್ತರದ ನೆರೆಯೊಂದಿಗೆ ನಿಲ್ಲುತ್ತದೆ.

7. ಕತ್ತರಿಸುವ ಕ್ರಿಯಾಪದಗಳು

ಕತ್ತರಿಸುವ ಕ್ರಿಯೆಗೆ ಕನ್ನಡದಲ್ಲಿ ಪದಗಳ ಸಮೃದ್ಧಿಯಿದೆ. ಪೈರನ್ನು, ಹೂವನ್ನು ಕೊಯ್ಯುತ್ತೇವೆ, ತರಕಾರಿಯನ್ನು ಹೆಚ್ಚುತ್ತೇವೆ, ಬಟ್ಟೆಯನ್ನು ಕತ್ತರಿಸುತ್ತೇವೆ, ಮರವನ್ನು ಕಡಿಯುತ್ತೇವೆ, ಸೊಪ್ಪನ್ನು ಸಣ್ಣಗೆ ಕೊಚ್ಚುತ್ತೇವೆ, ಬಿದಿರನ್ನು ಸೀಳುತ್ತೇವೆ ಅಥವಾ ಸಿಗಿಯುತ್ತೇವೆ, ಸೌದೆಯನ್ನು, ತೆಂಗಿನಕಾಯಿಯನ್ನು ಒಡೆಯುತ್ತೇವೆ. ಉಪಕರಣ, ವಸ್ತುವಿನ ಗಡಸು, ಅಲಗಿನ ದಿಕ್ಕು, ಉಳಿಯುವ ತುಂಡಿನ ಗಾತ್ರ: ಈ ನಾಲ್ಕು ಲಕ್ಷಣಗಳಿಂದ ಇವುಗಳ ಅರ್ಥವ್ಯಾಪ್ತಿಯನ್ನು ಬೇರ್ಪಡಿಸಬಹುದು.

'ಹೋಳು' ಎಂಬುದು ಹಳಗನ್ನಡದ 'ಪೋೞ್' ಧಾತುವಿಗೆ ಸೇರಿದುದು; ಸೀಳು, ಭೇದಿಸು ಎಂಬುದು ಅದರ ಅರ್ಥ. ಇಂದು ಅದು ನಾಮಪದವಾಗಿ ಮಾತ್ರ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ. ತುಂಡು ಹೇಗಾದರೂ ಆಗಬಹುದು. ಹೋಳು ಸೀಳಿದಾಗ ಆಗುವುದು. ಓಟೆಯನ್ನು ಸೇರುವೆಯ ಗುಂಟ ಭೇದಿಸಿ ಪಡೆದ ಭಾಗಕ್ಕೆ ಹೋಳೆಂಬ ಹೆಸರೇ ನಿಂತಿರುವುದು ಮೂಲಾರ್ಥಕ್ಕೆ ತಕ್ಕುದಾಗಿದೆ.

ಇನ್ನು ಕ್ರಿಯೆಯ ಪ್ರಶ್ನೆ. ಮನೆಯೊಳಗೆ ಮಾವಿನಕಾಯಿಯನ್ನು 'ಹೆಚ್ಚು'ತ್ತಾರೆ. ಸಂತೆಗೆ ಕೊಂಡೊಯ್ದಾಗ ಈ ಭಾಗದವರ ಬಾಯಲ್ಲಿ ಬರುವ ಮಾತು 'ಹೊಡೆಸು': 'ಕಾಯಿ ಹೊಡೆಸಿಕೊಂಡು ಬಾ', 'ಈ ವರ್ಷ ನಾವಿನ್ನೂ ಹೊಡೆಸಿಲ್ಲ'. ತೆಲುಗಿನಲ್ಲಿ ಇದೇ ಸಂದರ್ಭಕ್ಕೆ 'ಮುಕ್ಕಲು ಕೊಟ್ಟಿಂಚು' ಎನ್ನುತ್ತಾರೆ. 'ಕೊಟ್ಟು' ಎಂದರೆ ಹೊಡೆ, 'ಕೊಟ್ಟಿಂಚು' ಎಂದರೆ ಹೊಡೆಸು. ಗಡಿಯ ಕನ್ನಡದ ಪ್ರಯೋಗ ತೆಲುಗಿನ ಅಚ್ಚಿನಲ್ಲಿ ಮೂಡಿದ್ದೆಂದು ಊಹಿಸಲು ಅವಕಾಶವಿದೆ. ಆದರೆ ಅದನ್ನು ಕೇವಲ ಅನುಕರಣೆ ಎಂದು ತಳ್ಳಿಹಾಕುವುದು ಸರಿಯಲ್ಲ. ಕನ್ನಡದ ಒಳಗಿನ ಅಗತ್ಯವೊಂದು ಅದನ್ನು ಬರಮಾಡಿಕೊಂಡಿದೆ.

ಆ ಅಗತ್ಯ ಪ್ರೇರಣಾರ್ಥಕದ್ದು. ಧಾತುವಿಗೆ 'ಇಸು' ಪ್ರತ್ಯಯ ಸೇರಿ ಇನ್ನೊಬ್ಬರಿಂದ ಮಾಡಿಸುವ ಅರ್ಥ ಬರುವುದನ್ನು ಕೇಶಿರಾಜನ ಕಾಲದಿಂದಲೂ ನಮ್ಮ ವ್ಯಾಕರಣಗಳು ವಿವರಿಸುತ್ತ ಬಂದಿವೆ. 'ಹೆಚ್ಚು' ಧಾತುವಿಗೆ ಈ ಪ್ರತ್ಯಯವನ್ನು ಹಚ್ಚಿದರೆ 'ಹೆಚ್ಚಿಸು' ಎಂದಾಗಿ, ಅಧಿಕಗೊಳಿಸು ಎಂಬ ಬೇರೊಂದು ಅರ್ಥಕ್ಕೆ ಡಿಕ್ಕಿ ಹೊಡೆಯುತ್ತದೆ. 'ಕತ್ತರಿಸು' ಎಂಬುದರಲ್ಲಿ 'ಇಸು' ಆಗಲೇ ಸೇರಿಕೊಂಡಿರುವುದರಿಂದ ಅದಕ್ಕೆ ಮತ್ತೊಂದು ಪ್ರೇರಣಾರ್ಥಕವನ್ನು ಹಚ್ಚುವುದು ಆಡುನುಡಿಗೆ ತೊಡಕು. ಇನ್ನೊಬ್ಬನ ಕೈಯಿಂದ ಈ ಕೆಲಸವನ್ನು ಮಾಡಿಸುವ ಸಂದರ್ಭ ವರ್ಷವರ್ಷವೂ ಬರುವ ಸೀಮೆಯಲ್ಲಿ ಸ್ಪಷ್ಟವಾದ ಪ್ರೇರಣಾರ್ಥಕ ರೂಪವೊಂದು ಬೇಕೇ ಬೇಕು. 'ಹೊಡೆಸು' ಆ ತೆರವನ್ನು ತುಂಬಿದೆ. ಪೆಟ್ಟಿನ ಅರ್ಥವನ್ನೂ ಅದು ಜೊತೆಗೆ ತಂದಿದೆ. ಒತ್ತಿ ಹೆಚ್ಚುವುದಕ್ಕೂ ಒಂದೇ ಪೆಟ್ಟಿಗೆ ಸೀಳುವುದಕ್ಕೂ ಇರುವ ಭೇದ ಉಳಿದುಕೊಂಡಿದೆ.

ಪಾಕಪುಸ್ತಕದ 'ಹೋಳು ಮಾಡಿಕೊಳ್ಳಿ' ಎಂಬ ವಾಕ್ಯದಲ್ಲಿ ಕರ್ತೃ ಓದುಗರೇ. ಅಲ್ಲಿ ಮೂರನೆಯವನಿಗೆ ಜಾಗವಿಲ್ಲ. 'ಹೊಡೆಸಿದೆವು' ಎಂಬ ಆಡುಮಾತಿನಲ್ಲಿ ಇಬ್ಬರಿದ್ದಾರೆ: ಮಾಡಿಸಿದವರು ಮತ್ತು ಮಾಡಿದವನು. ಲಿಖಿತ ಕನ್ನಡ ಅಳಿಸಿದ ಶ್ರಮಿಕನನ್ನು ಆಡುಗನ್ನಡದ ಒಂದು ಪ್ರತ್ಯಯ ಕಾಪಾಡಿಕೊಂಡಿದೆ.

ವೃತ್ತಿಯ ಇತರ ಪದಗಳಲ್ಲಿಯೂ ಗಡಿಯ ಮಿಶ್ರಣ ಸಹಜವಾಗಿದೆ. ಮೈಸೂರು ಕಡೆಯ ವಾಟೆ, ಬೇರೆಡೆಯ ಗೊರಟೆ, ಓಟೆಗಳಿಗೆ ಬದಲಾಗಿ ತೆಲುಗಿನ 'ಟೆಂಕ'ವನ್ನು ಹೋಲುವ 'ಟೆಂಕೆ', ಒಳಬೀಜಕ್ಕೆ 'ಜೀಡಿ', ಹೋಳಿಗೆ ಪರ್ಯಾಯವಾಗಿ 'ಮುಕ್ಕ' ಅಲ್ಲಿ ಕೇಳಿಬರುತ್ತವೆ. ಗ್ರಾಹಕರ ಭಾಷೆಗೆ ತಕ್ಕಂತೆ ವ್ಯಾಪಾರಿ ಪದವನ್ನು ಬದಲಿಸುತ್ತಿದ್ದರು. ಸೊನೆಯನ್ನು ಮಾತ್ರ ಅವರು ಯಾವಾಗಲೂ ಸೊನೆಯೆಂದೇ ಕರೆದರು. ಅದು ತಾಗಿ ಅವರ ಎಡಗೈಯ ಚರ್ಮ ಪ್ರತಿ ಬೇಸಗೆಯೂ ಸುಟ್ಟು ಸುಲಿಯುತ್ತದೆ. ಬೆಳಗ್ಗೆ ಕೆಲಸಕ್ಕೆ ಕೂರುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳುತ್ತಾರೆ.

8. ಮನೆ, ಮಡಿ, ಬೀದಿ

ಉಪ್ಪಿನಕಾಯಿ ಜಾಡಿಯ ಸುತ್ತ ನಮ್ಮ ಹಲವು ಮನೆಗಳಲ್ಲಿ ಮಡಿಯ ನಿಯಮಗಳಿವೆ. ಒದ್ದೆ ಕೈ ಹಾಕಬಾರದು ಎಂಬುದಕ್ಕೆ ಮೇಲೆ ಹೇಳಿದ ರಾಸಾಯನಿಕ ಕಾರಣವಿದೆ. ಮುಟ್ಟಾದ ಹೆಂಗಸರು ಮುಟ್ಟಿದರೆ ಬೂಷ್ಟು ಬರುತ್ತದೆ ಎಂಬ ನಂಬಿಕೆಗೆ ಅಂಥ ಕಾರಣ ಯಾವುದೂ ಇಲ್ಲ. ಗಮನಿಸಬೇಕಾದುದು ಏನೆಂದರೆ, ಮನೆಯ ಹೆಂಗಸರ ಕೈಯನ್ನೇ ಸಂಶಯದಿಂದ ನೋಡುವ ಈ ವ್ಯವಸ್ಥೆ, ಜಾತಿ ಕುಲ ಯಾವುದನ್ನೂ ಕೇಳದ ಬೀದಿಯ ಕೈಯೊಂದು ಪ್ರತಿ ಹೋಳನ್ನೂ ಮುಟ್ಟಿ, ಬೀಜ ಎಬ್ಬಿ, ಒರೆಸಿ ಕೊಟ್ಟಿರುವುದನ್ನು ಕಾಣದಂತೆ ಇರುತ್ತದೆ. ಉಪ್ಪು ಬೀಳುವವರೆಗೆ ಅದು ಬರಿಯ ಕಾಯಿ, ಮಡಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಹಿರಿಯರೊಬ್ಬರು ನನಗೆ ಸಮಾಧಾನ ಹೇಳಿದರು. ನಿಯಮಕ್ಕೆ ಅನುಕೂಲಕ್ಕೆ ತಕ್ಕ ಗಡಿಯನ್ನು ಹಾಕಿಕೊಂಡ ಬಗೆ ಇದು.

'ಅಮ್ಮನ ಕೈರುಚಿ' ಎಂಬ ನಮ್ಮ ಲಲಿತ ಪ್ರಬಂಧಗಳ ಪ್ರಿಯ ವಸ್ತುವನ್ನೂ ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ನೋಡಬೇಕಾಗಿದೆ. ಆ ರುಚಿ ಸುಳ್ಳಲ್ಲ. ಆದರೆ ಹೋಳಿನ ಸೀಮೆಯಲ್ಲಿ ಅಮ್ಮನ ಕೈಯ ಹಿಂದೆ ಇನ್ನೊಂದು ಕೈಯಿದೆ. ಮನೆಯ ಉಪ್ಪಿನಕಾಯಿ ಎಂಬುದು ಮನೆ ಮತ್ತು ಬೀದಿ ಕೂಡಿ ಮಾಡಿದ್ದು. ವಚನಕಾರರ ಕಾಲದಲ್ಲಿ ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯರಂಥವರು ತಮ್ಮ ಕಾಯಕವನ್ನು ಹೆಸರಿನೊಡನೆಯೇ ಸಾಹಿತ್ಯದೊಳಕ್ಕೆ ತಂದರು. ಅಂಥ ಪರಂಪರೆಯುಳ್ಳ ಭಾಷೆಯಲ್ಲಿ ಈ ಕಾಯಕ ಹೆಸರಿಲ್ಲದೆ ಉಳಿದಿರುವುದು ಯೋಚಿಸತಕ್ಕ ಸಂಗತಿ.

9. ವೃತ್ತಿಯ ಇಂದಿನ ಸ್ಥಿತಿ

ಆರು ವಾರಗಳ ವೃತ್ತಿ ವರ್ಷವನ್ನು ಸಾಕಲಾರದು. ನಾನು ಗಮನಿಸಿದ ವ್ಯಾಪಾರಿ ಉಳಿದ ತಿಂಗಳುಗಳಲ್ಲಿ ಅದೇ ಜಾಗದಲ್ಲಿ ನೇರಳೆ, ಸೀತಾಫಲ, ಬಾರೆಹಣ್ಣುಗಳನ್ನು ಋತುವಿಗೆ ತಕ್ಕಂತೆ ಮಾರುತ್ತಾರೆ. ಕಾರ್ಖಾನೆಯ ಉಪ್ಪಿನಕಾಯಿ ಸುಲಭವಾಗಿ ಸಿಗುವುದರಿಂದ ಮನೆಯಲ್ಲಿ ಹಾಕುವವರು ಕಡಿಮೆಯಾಗಿದ್ದಾರೆ, ಹಾಕುವವರೂ ಹಿಂದಿನಷ್ಟು ಹಾಕುವುದಿಲ್ಲ ಎಂಬುದು ಅವರ ಅನುಭವ. ಮಗ ಈ ಕೆಲಸವನ್ನು ಕಲಿತಿಲ್ಲ. ಕಲಿಯಲೆಂದು ಅವರು ಬಯಸಿಯೂ ಇಲ್ಲ.

2014ರ ಬೀದಿಬದಿ ವ್ಯಾಪಾರಿಗಳ ಅಧಿನಿಯಮವು ಬೀದಿ ವ್ಯಾಪಾರಿ ಎಂಬ ಪದವನ್ನು ವಿವರಿಸುವಾಗ ವಸ್ತುಗಳನ್ನು ಮಾರುವವರ ಜೊತೆಗೆ ಸಾರ್ವಜನಿಕರಿಗೆ ಸೇವೆ ಒದಗಿಸುವವರನ್ನೂ ಸೇರಿಸಿದೆ. ಕಾಯನ್ನು ಮಾರದೆ ಹೊಡೆದು ಮಾತ್ರ ಕೊಡುವವನೂ ಈ ಅರ್ಥದಲ್ಲಿ ಬೀದಿ ವ್ಯಾಪಾರಿಯೇ. ಆದರೆ ವ್ಯಾಪಾರದ ಪ್ರಮಾಣಪತ್ರಕ್ಕೆ ಆಧಾರವಾಗುವ ಸಮೀಕ್ಷೆ ಐದು ವರ್ಷಕ್ಕೆ ಒಮ್ಮೆಯಾದರೂ ನಡೆಯಬೇಕೆಂಬುದು ನಿಯಮ. ವರ್ಷದಲ್ಲಿ ಆರೇ ವಾರ ಕಾಣಿಸಿಕೊಳ್ಳುವ ಹಂಗಾಮಿ ಕುಶಲಿ ಸಮೀಕ್ಷೆಯ ದಿನ ಬೀದಿಯಲ್ಲಿ ಇರದಿದ್ದರೆ ಲೆಕ್ಕದಿಂದ ಹೊರಗುಳಿಯುವ ಸಾಧ್ಯತೆ ಇದೆ. ಕಾನೂನು ಕೊಟ್ಟ ಹೆಸರೂ ಅವನಿಗೆ ತಲುಪುವುದು ಹೀಗೆ ಅನಿಶ್ಚಿತ.

10. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮಾವು ಹೊಡೆಯುವುದು ಕೂಲಿಯ ಕೆಲಸವೆಂದು ಕಂಡರೂ ಅದರಲ್ಲಿ ಸಸ್ಯದ ರಚನೆ, ಸನ್ನೆಯ ಬಲ, ಸಂರಕ್ಷಣೆಯ ರಸಾಯನ ಇವುಗಳನ್ನು ಕುರಿತ ವ್ಯವಸ್ಥಿತ ಅರಿವಿದೆ. ಎರಡನೆಯದಾಗಿ, ಈ ಅರಿವು ಪದಗಳಲ್ಲಿ, ಅದರಲ್ಲಿಯೂ ಕ್ರಿಯಾಪದಗಳಲ್ಲಿ ಉಳಿದುಕೊಂಡಿದೆ. ಮೂರನೆಯದಾಗಿ, ಮನೆಯೊಳಗಿನದೆಂದು ನಾವು ಭಾವಿಸಿದ ಸಂಸ್ಕೃತಿಯ ಎಷ್ಟೋ ಭಾಗ ಬೀದಿಯ ಶ್ರಮದ ಮೇಲೆ ನಿಂತಿದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಪ್ರಧಾನವಾಗಿ ಶಾಸನ ಮತ್ತು ಗ್ರಂಥಗಳ ಪ್ರಯೋಗಗಳನ್ನು ಆಧರಿಸಿದ ಮಹತ್ಕಾರ್ಯ. ಬರಹಕ್ಕೆ ಬಾರದ ವೃತ್ತಿನುಡಿಗೆ ಅದರಲ್ಲಿ ದೊರೆಯುವ ಎಡೆ ಸಹಜವಾಗಿಯೇ ಕಡಿಮೆ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲಿ ವ್ಯವಸಾಯದ ಪದಗಳಿಂದ ಆರಂಭಿಸಿದ 'ಮಾಂಡಲಿಕ ವೃತ್ತಿ ಪದಕೋಶ'ದ ಮಾದರಿ ನಮ್ಮ ಮುಂದಿದೆ. ಕನ್ನಡದಲ್ಲಿಯೂ ವೃತ್ತಿಪದಗಳ ಸಂಗ್ರಹ ನಡೆದಿದೆ. ಆದರೆ ಅವುಗಳಲ್ಲಿ ಉಪಕರಣಗಳ ಹೆಸರು ಸಿಗುವಷ್ಟು ಸುಲಭವಾಗಿ ಕ್ರಿಯೆಗಳ ಹೆಸರು ಸಿಗುವುದಿಲ್ಲ. ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆ ಕಳುಹಿಸುವ ಅಧ್ಯಾಪಕರು 'ಇದಕ್ಕೆ ಏನೆನ್ನುತ್ತೀರಿ' ಎಂಬ ಪ್ರಶ್ನೆಯ ಜೊತೆಗೆ 'ಈಗ ಏನು ಮಾಡಿದಿರಿ' ಎಂಬ ಪ್ರಶ್ನೆಯನ್ನೂ ಕೇಳಲು ಹೇಳಿದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಮಾವಿನ ಕೆಲಸಕ್ಕೆ ಸಂಬಂಧಿಸಿ ಹೇಳುವುದಾದರೆ, ಈ ಪ್ರಶ್ನೆಯನ್ನು ಕೇಳಲು ವರ್ಷಕ್ಕೆ ಆರು ವಾರಗಳಷ್ಟೇ ಅವಕಾಶವಿದೆ. ಉತ್ತರ ಹೇಳಬಲ್ಲವರೂ ಕಡಿಮೆಯಾಗುತ್ತಿದ್ದಾರೆ.